ನರೆತ ತಲೆಗಳ ನಾದಮೇಳ

ಕೋಲಾರದ ಚಿನ್ನದ ಗಣಿಯ ಸುತ್ತಮುತ್ತ ಬಾಳಿದ ಜನಕ್ಕೆ ‘ರಾಕ್’ ಎಂಬ ಇಂಗ್ಲಿಷ್ ಮಾತು ಸಂಗೀತದ ದಾರಿಯಿಂದ ಬಂದುದಲ್ಲ. ನೆಲದ ಒಡಲಿನಿಂದ ಬಂದುದು. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಮೇಲಿನ ಭಾರವನ್ನು ತಾಳಲಾರದೆ ಬಂಡೆ ಒಮ್ಮಿಂದೊಮ್ಮೆಗೆ ಸಿಡಿಯುವುದಕ್ಕೆ ಗಣಿಯವರು ‘ರಾಕ್ ಬರ್ಸ್ಟ್’ ಎನ್ನುತ್ತಿದ್ದರು. ಸಿಡಿತವಾದುದು ಪಾತಾಳದಲ್ಲಿ, ಆದರೆ ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವು, ಗೋಡೆ ನಡುಗುತ್ತಿದ್ದಿತು. ಪಾಳಿಗೆ ಇಳಿದವನು ಮೇಲೆ ಬಂದನೆಂಬ ಸುದ್ದಿ ತಿಳಿಯುವವರೆಗೆ ಮನೆಯವರಿಗೆ ಅನ್ನ ಗಂಟಲಲ್ಲಿಳಿಯುತ್ತಿರಲಿಲ್ಲ.

ಸಂಗೀತದ ‘ರಾಕ್’ ಬೇರೆ. ಅದು ಬಂಡೆಯನ್ನು ಹೇಳುವ ನಾಮಪದವಲ್ಲ, ತೂಗುವುದನ್ನೂ ಓಲಾಡುವುದನ್ನೂ ಹೇಳುವ ಕ್ರಿಯಾಪದ. ತಾಯಿ ತೊಟ್ಟಿಲನ್ನು ತೂಗುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ಆದರೆ ಆ ಸಂಗೀತವನ್ನು ಬಯಲಿನಲ್ಲಿ ನಿಂತು ಒಮ್ಮೆ ಕೇಳಿದವನಿಗೆ ಎರಡು ಅರ್ಥಗಳೂ ಒಂದಾದಂತೆ ತೋರಿದರೆ ಅಚ್ಚರಿಯಿಲ್ಲ. ಅದರಲ್ಲಿ ತೂಗಾಟವೂ ಉಂಟು, ಬಂಡೆಯ ಸಿಡಿತವೂ ಉಂಟು.

ಈ ಸಂಗೀತ ಹುಟ್ಟಿದುದು ಹರೆಯದವರ ಬಾಯಲ್ಲಿ, ಹರೆಯದವರ ಕಿವಿಗಾಗಿ. ಹಿರಿಯರ ಮಾತನ್ನು ಮೀರುವುದೇ ಅದರ ಮೊದಲ ಉತ್ಸಾಹವಾಗಿದ್ದಿತು. ಇಂದು ಅದನ್ನು ಕಟ್ಟಿದವರೇ ಎಪ್ಪತ್ತೈದು, ಎಂಬತ್ತರ ಪ್ರಾಯಕ್ಕೆ ಬಂದಿದ್ದಾರೆ. ಹೀಗಿದ್ದೂ ಅವರು ಮನೆಯಲ್ಲಿ ಕುಳಿತಿಲ್ಲ. ಇಬ್ಬರೋ ಮೂವರೋ ಹಳೆಯ ಸ್ಪರ್ಧಿಗಳು ತಮ್ಮ ತಮ್ಮ ಮೇಳಗಳೊಡನೆ ಒಂದೇ ವೇದಿಕೆಯನ್ನೇರುತ್ತಾರೆ. ಹತ್ತಾರು ಸಾವಿರ ಜನ ಹಣ ತೆತ್ತು, ಗಂಟೆಗಟ್ಟಲೆ ನಿಂತು ಕೇಳುತ್ತಾರೆ. “ಗಂಟಲು ಬತ್ತಿದವರನ್ನು ಹೋಗಿ ಕೇಳುವುದೇನಿದೆ? ಧ್ವನಿಮುದ್ರಿಕೆ ಮನೆಯಲ್ಲಿಲ್ಲವೆ?” ಎಂಬುದು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರು ಕೇಳುವ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಕಲಾವಿದನ ಮುಪ್ಪನ್ನು ಸಮಾಜ ಹೇಗೆ ಕಾಣಬೇಕೆಂಬ ವಿಚಾರವೇ ಅದರ ಹಿಂದೆ ಅಡಗಿದೆ.

ಹಿರಿಯರಾಗಿಯೇ ಬಂದವರು

ಬೆಂಗಳೂರಿಗೆ ಪಾಶ್ಚಾತ್ಯ ಸಂಗೀತ ಹೊಸತಲ್ಲ. 1809ರಲ್ಲಿ ದಂಡು ಪ್ರದೇಶ ಏರ್ಪಟ್ಟಂದಿನಿಂದ ಕವಾಯತಿನ ವಾದ್ಯಗಳೂ, ಇಗರ್ಜಿಯ ಗಾಯನವೂ, ಕ್ಲಬ್ಬುಗಳ ನೃತ್ಯಸಂಗೀತವೂ ಆ ಊರಿನ ಗಾಳಿಯಲ್ಲಿ ಬೆರೆತುಬಂದವು. 1945ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಬಿದ್ದು ಎಂಬ ತರುಣ ಇಲ್ಲಿ ಗಿಟಾರು ಹಿಡಿದು ಹಾಡಿ, ಕಡೆಗೆ ಇಂಗ್ಲೆಂಡಿಗೆ ತೆರಳಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಎಂಬ ಹಾಡಿನ ನಿರ್ಮಾಪಕನಾಗಿ ಲೋಕಪ್ರಸಿದ್ಧನಾದ. ನಮ್ಮ ಗಣಿಪ್ರದೇಶವಂತೂ ಒಂದು ಕಾಲಕ್ಕೆ ‘ಪುಟ್ಟ ಇಂಗ್ಲೆಂಡ್’ ಎನಿಸಿಕೊಂಡಿದ್ದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿದ ಮೇಲೆ ಅಲ್ಲಿನ ಕ್ಲಬ್ಬುಗಳಲ್ಲಿ ದೀಪವೂ ಬೆಳಗಿತು, ಕುಣಿತವೂ ನಡೆಯಿತು.

ಆದರೂ ಜಗತ್ಪ್ರಸಿದ್ಧ ರಾಕ್ ಮೇಳಗಳು ತಮ್ಮ ಏರುಜವ್ವನದಲ್ಲಿ ಇತ್ತ ತಲೆಹಾಕಲಿಲ್ಲ. ಇಲ್ಲಿನ ಅಭಿಮಾನಿಗಳು ಅವರನ್ನು ಬಲ್ಲುದು ಗ್ರಾಮಫೋನ್ ತಟ್ಟೆಗಳಿಂದ, ಆಮೇಲೆ ಕ್ಯಾಸೆಟ್ಟುಗಳಿಂದ. ಅವರು ಮೈವೆತ್ತು ಬೆಂಗಳೂರಿಗೆ ಬರುವ ಹೊತ್ತಿಗೆ ಬಹುಮಟ್ಟಿಗೆ ಹಿರಿಯರೇ ಆಗಿದ್ದರು. 1968ರಲ್ಲಿ ಹುಟ್ಟಿದ ಡೀಪ್ ಪರ್ಪಲ್ ಮೇಳ ಅರಮನೆ ಮೈದಾನದಲ್ಲಿ ನುಡಿಸಿದುದು 2001ರಲ್ಲಿ. ಪಿಂಕ್ ಫ್ಲಾಯ್ಡ್ ಮೇಳದ ರೋಜರ್ ವಾಟರ್ಸ್ ಬಂದುದು 2002ರಲ್ಲಿ. 1962ರಲ್ಲಿ ಆರಂಭವಾದ ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ರಂದು ಬಂದಿತು. ಅಂದು ಗಾಯಕ ಮಿಕ್ ಜ್ಯಾಗರ್‌ಗೆ 59 ವರ್ಷ. ಏರೋಸ್ಮಿತ್, ಐರನ್ ಮೇಡನ್ ಮೇಳಗಳು 2007ರಲ್ಲಿ ಬಂದವು. 1981ರಲ್ಲಿ ಹುಟ್ಟಿದ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬಂದಿತು. ಅದಕ್ಕೆರಡು ದಿನ ಮುಂಚೆ ದೆಹಲಿಯ ಸಮೀಪದಲ್ಲಿ ಏರ್ಪಟ್ಟಿದ್ದ ಅದೇ ಮೇಳದ ಕಾರ್ಯಕ್ರಮ ಜನರ ನೂಕುನುಗ್ಗಲಿನಿಂದ ನಿಂತುಹೋಗಿದ್ದಿತು. ಬೆಂಗಳೂರಿನದು ನಿರ್ವಿಘ್ನವಾಗಿ ನಡೆಯಿತು.

ಈ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಮೂವತ್ತು, ನಲವತ್ತು ವರ್ಷ ಹಾಡಿ ದಣಿದ ಮೇಲೆಯೇ ಈ ಮೇಳಗಳು ಕನ್ನಡನಾಡಿನ ಮಣ್ಣು ಮೆಟ್ಟಿದವು. ನಮ್ಮವರು ಅವರ ಯೌವನವನ್ನು ಕಾಣಲೇ ಇಲ್ಲ. ಕಂಡುದೆಲ್ಲ ಪಕ್ವವಾದ, ಕೆಲವೊಮ್ಮೆ ಬಾಡಿದ, ಆದರೆ ಸೋಲನ್ನೊಪ್ಪದ ಪ್ರಾಯವನ್ನು. ಆದುದರಿಂದ ‘ಅಂದಿನಂತೆ ಹಾಡಲಿಲ್ಲ’ ಎಂಬ ಹಳಹಳಿಕೆ ಲಂಡನ್ನಿನವನಿಗೆ ಒಪ್ಪಬಹುದು. ಬೆಂಗಳೂರಿನವನಿಗೆ ಹೋಲಿಸಲು ‘ಅಂದು’ ಎಂಬುದೇ ಇರಲಿಲ್ಲ. ಅವನ ಪಾಲಿಗೆ ಮೊದಲ ದರ್ಶನವೇ ವೃದ್ಧದರ್ಶನ.

ಒಂದೇ ಪತ್ರದಲ್ಲಿ ಹಲವು ಹೆಸರು

ಹಿರಿಯ ಮೇಳವೊಂದು ಒಂಟಿಯಾಗಿ ಬರುವುದು ಒಂದು ಬಗೆ. ಹಲವು ಮೇಳಗಳು ಒಂದೇ ಕರಪತ್ರದಲ್ಲಿ ಹೆಸರು ಹಂಚಿಕೊಂಡು ಬರುವುದು ಇನ್ನೊಂದು ಬಗೆ. 2008ರ ಮಾರ್ಚಿಯಲ್ಲಿ ಅಮೆರಿಕದ ಮೆಗಾಡೆತ್, ಮಷೀನ್ ಹೆಡ್ ಮೇಳಗಳು ಬೆಂಗಳೂರಿನ ಮಿಲೇನಿಯಮ್ ಮೇಳದೊಡನೆ ಅರಮನೆ ಮೈದಾನದಲ್ಲಿ ಒಂದೇ ದಿನ ನುಡಿಸಿದವು. ಈ ಬಗೆಯ ಅತಿ ದೊಡ್ಡ ಕೂಟಗಳಲ್ಲೊಂದು ನಡೆದುದು 2016ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯದ ಮರಳುಗಾಡಿನ ಅಂಚಿನ ಇಂಡಿಯೋ ಎಂಬ ಊರಿನಲ್ಲಿ. ಬಾಬ್ ಡಿಲನ್, ರೋಲಿಂಗ್ ಸ್ಟೋನ್ಸ್, ನೀಲ್ ಯಂಗ್, ಪಾಲ್ ಮೆಕಾರ್ಟ್ನಿ, ದಿ ಹೂ, ರೋಜರ್ ವಾಟರ್ಸ್ ಈ ಆರು ಮಂದಿ ಹಿರಿಯರ ಸರದಿ ಮೂರು ರಾತ್ರಿಗಳಿಗೆ ಹಂಚಿಕೆಯಾಗಿ, ಎರಡು ವಾರಾಂತ್ಯಗಳಲ್ಲಿ ನಡೆಯಿತು. ಮೊದಲ ವಾರಕ್ಕೂ ಎರಡನೆಯದಕ್ಕೂ ನಡುವೆ ಡಿಲನ್‌ಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ಘೋಷಣೆಯಾದುದೊಂದು ಸೋಜಿಗ.

ಈ ಏರ್ಪಾಡು ನಮ್ಮವರಿಗೆ ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ‘ಜೋಡಾಟ’ ಉಂಟು. ಎರಡು ಮೇಳಗಳು ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಒಂದೇ ಕಾಲಕ್ಕೆ ಆಡುವುವು. ಇತ್ತ ಚಂಡೆ ಏರಿದರೆ ಜನ ಇತ್ತ, ಅತ್ತ ಕುಣಿತ ಕಾವೇರಿದರೆ ಅತ್ತ. ಅದರಲ್ಲಿ ಸ್ಪರ್ಧೆಯೇ ಜೀವಾಳ. ‘ಕೂಡಾಟ’ವೆಂಬುದು ಇನ್ನೊಂದು: ಎರಡು ಮೇಳಗಳ ಕಲಾವಿದರು ಒಂದೇ ರಂಗದಲ್ಲಿ ಬೆರೆತು ಆಡುವ ಆಟ. ಅದರಲ್ಲಿ ಸ್ಪರ್ಧೆಗಿಂತ ಸಹಕಾರ ಮುಂದು. ರಾಕ್ ಮೇಳಗಳು ತಮ್ಮ ಹರೆಯದಲ್ಲಿ ಆಡಿದುದು ಜೋಡಾಟ. ಮುಪ್ಪಿನಲ್ಲಿ ಆಡುತ್ತಿರುವುದು ಕೂಡಾಟ. ಒಮ್ಮೆ ಒಬ್ಬರ ಮುಖ ಒಬ್ಬರು ನೋಡದಿದ್ದವರು ಈಗ ಒಬ್ಬರ ಹಾಡಿಗೆ ಒಬ್ಬರು ಗಿಟಾರು ಹಿಡಿಯುವರು. ಮೆಟಾಲಿಕಾದಿಂದ ಹೊರದೂಡಲ್ಪಟ್ಟು ಮೆಗಾಡೆತ್ ಕಟ್ಟಿದ ಡೇವ್ ಮಸ್ಟೇನ್ 2010ರಲ್ಲಿ ಬಲ್ಗೇರಿಯದ ಸೋಫಿಯಾ ನಗರದಲ್ಲಿ ಅದೇ ಮೆಟಾಲಿಕಾದವರೊಡನೆ ಒಂದೇ ವೇದಿಕೆಯಲ್ಲಿ ನುಡಿಸಿದುದನ್ನು ಅನೇಕ ದೇಶಗಳ ಚಿತ್ರಮಂದಿರಗಳಲ್ಲಿ ಜನ ಕಂಡರು.

ಇಂತಹ ಕೂಟದ ಒಳಗೆಲಸವೂ ಸ್ವಾರಸ್ಯವಾದುದು. ಹೆಸರು ಚಿಕ್ಕದಾದವರು ಮೊದಲು, ಬಿಸಿಲಿರುವಾಗಲೇ ನುಡಿಸಬೇಕು. ಹೆಸರು ದೊಡ್ಡದಾದವರಿಗೆ ಕೊನೆಯ ಸರದಿ, ಕತ್ತಲೆಯ ನೆರವು, ದೀಪದ ವೈಭವ. ಒಂದು ಮೇಳ ಇಳಿದು ಮತ್ತೊಂದು ಏರುವ ನಡುವಿನ ಹೊತ್ತಿನಲ್ಲಿ ಡ್ರಮ್ಮುಗಳನ್ನು ಗಾಲಿಯಿರುವ ಜಗತಿಯ ಮೇಲೆ ಮೊದಲೇ ಜೋಡಿಸಿಟ್ಟು ತಳ್ಳಿ ತರುವರು. ದನಿವರ್ಧಕಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದು. ವೇದಿಕೆಯಿಂದ ನೂರು ಮೀಟರು ಹಿಂದೆ ನಿಂತವನಿಗೆ ಅದು ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಹಿಂದಿನವರಿಗಾಗಿ ನಡುಮೈದಾನದಲ್ಲಿ ನೆಟ್ಟ ಗೋಪುರಗಳ ದನಿಯನ್ನು ಅಷ್ಟೇ ಹೊತ್ತು ತಡೆದು ಬಿಡುವರು. ಇಲ್ಲದಿದ್ದರೆ ಒಂದೇ ಏಟು ಎರಡಾಗಿ ಕೇಳಿ ಹಾಡು ಕಲಸಿಹೋಗುವುದು. ಧ್ವನಿವರ್ಧಕ ಬಳಕೆಗೆ ಬಾರದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ಪಿಟೀಲು ಕೇಳಲೆಂದು ಮೈಸೂರು ಟಿ. ಚೌಡಯ್ಯನವರು ಏಳು ತಂತಿಗಳನ್ನು ಬಿಗಿದುದನ್ನು ನೆನೆದರೆ, ಹಿಂದಿನ ಸಾಲಿನವನ ಮೇಲಿನ ಈ ಕಾಳಜಿ ಎಲ್ಲ ಸಂಗೀತಕ್ಕೂ ಸಮಾನವೆಂಬುದು ಮನವರಿಕೆಯಾಗುವುದು.

ನೈಸ್ ಮೈದಾನದ ಸಂಜೆ

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ನೈಸ್ ಮೈದಾನದಲ್ಲಿ ‘ಬ್ಯಾಂಡ್‌ಲ್ಯಾಂಡ್’ ಎಂಬ ಎರಡು ದಿನಗಳ ಉತ್ಸವವೊಂದು ಮೊದಲ ಬಾರಿಗೆ ಏರ್ಪಟ್ಟಿತು. ಡೀಪ್ ಪರ್ಪಲ್ ಮತ್ತು 1986ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಆರಂಭವಾದ ಗೂ ಗೂ ಡಾಲ್ಸ್ ಮೇಳಗಳು ಅದರ ಮುಖ್ಯ ಆಕರ್ಷಣೆ. ಜೊತೆಗೆ ನಮ್ಮ ದೇಶದ ಮೇಳಗಳೂ ಇದ್ದವು. ಕಾಮಸಮುದ್ರದಿಂದ ಬಂಗಾರಪೇಟೆಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೊರಟ ನನ್ನ ಸಂಗಡ ಪರಿಚಿತ ಹಿರಿಯರೊಬ್ಬರಿದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಈಗ ಕಿವಿ ತುಸು ಮಂದ. ಹರೆಯದಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ಗೆಳೆಯನ ಮನೆಯ ಟೇಪ್‌ರೆಕಾರ್ಡರಿನಲ್ಲಿ ಈ ಮೇಳದ ಹಾಡುಗಳನ್ನು ಕೇಳಿದ್ದವರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಡಿನ ಸೊಲ್ಲುಗಳ ಅರ್ಥವನ್ನು ಎಂದೂ ಕೇಳಿದವರಲ್ಲ.

ಮೈದಾನದಲ್ಲಿ ಕಂಡ ಜನವೇ ಒಂದು ದೃಶ್ಯ. ತಂದೆಯೂ ಮಗನೂ ಒಂದೇ ಬಗೆಯ ಕರಿಯ ಅಂಗಿ ತೊಟ್ಟು ಬಂದಿದ್ದರು; ತಂದೆಯದು ಒಗೆದು ಒಗೆದು ಬೂದಿಬಣ್ಣಕ್ಕೆ ತಿರುಗಿದ್ದಿತು, ಮಗನದು ಹೊಸತು. ಮಂಡಿನೋವಿನವರು ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತು, ತಮ್ಮ ಮೇಳದ ಸರದಿ ಬಂದೊಡನೆ ಕೈಯೂರಿ ಎದ್ದರು. ವೇದಿಕೆಯ ಮೇಲೂ ಅದೇ ಪ್ರಾಯದವರು. ಆ ಡಿಸೆಂಬರಿನಲ್ಲಿ ಗಾಯಕ ಇಯಾನ್ ಗಿಲನ್‌ಗೂ ಮಂದ್ರಗಿಟಾರಿನ ರೋಜರ್ ಗ್ಲೋವರ್‌ಗೂ 78 ವರ್ಷ. ಡ್ರಮ್ಮಿನ ಇಯಾನ್ ಪೇಸ್‌ಗೂ ಕೀಲಿಮಣೆಯ ಡಾನ್ ಏರಿಗೂ 75. ಗಿಟಾರು ಹಿಡಿದ ಸೈಮನ್ ಮೆಕ್‌ಬ್ರೈಡ್ ಒಬ್ಬನೇ ಕಿರಿಯ. ಅವನು ಜನಿಸಿದುದು 1979ರಲ್ಲಿ.

ಈ ಮೇಳದ ‘ಸ್ಮೋಕ್ ಆನ್ ದಿ ವಾಟರ್’ ಹಾಡನ್ನು ಕೇಳದವರೂ ಅದರ ಆರಂಭದ ಗಿಟಾರು ನುಡಿಯನ್ನು ಎಲ್ಲಿಯೋ ಕೇಳಿಯೇ ಇರುವರು. ಅದರ ಹುಟ್ಟಿಗೆ ಒಂದು ಅಗ್ನಿಕಾಂಡವೇ ಕಾರಣ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮೊಂಟ್ರೋ ಎಂಬಲ್ಲಿ, ಫ್ರಾಂಕ್ ಜಾಪ್ಪಾ ಎಂಬಾತನ ಕಛೇರಿ ನಡೆಯುತ್ತಿದ್ದಾಗ ಸಭಿಕನೊಬ್ಬ ಬೆಂಕಿಯ ಬಾಣ ಹಾರಿಸಲು, ಕಟ್ಟಡವೆಲ್ಲ ಹೊತ್ತಿ ಉರಿಯಿತು. ಅದೇ ಕಟ್ಟಡದಲ್ಲಿ ಧ್ವನಿಮುದ್ರಣ ಮಾಡಲೆಂದು ಬಂದಿದ್ದ ಡೀಪ್ ಪರ್ಪಲ್‌ನವರು ಸರೋವರದ ನೀರಿನ ಮೇಲೆ ಹೊಗೆ ಹರಡುವುದನ್ನು ಕಂಡರು. ಕಂಡುದನ್ನೇ ಹಾಡು ಮಾಡಿದರು. 1972ರಲ್ಲಿ ಅದು ಹೊರಬಂದಾಗ ಇಂದು ಅದನ್ನು ನುಡಿಸುವ ಮೆಕ್‌ಬ್ರೈಡ್ ಹುಟ್ಟಿಯೇ ಇರಲಿಲ್ಲ.

ಆ ನುಡಿ ಮೊದಲಾದಾಗ ಮೈದಾನದ ನೆಲ ನಡುಗಿತೆಂದರೆ ಉತ್ಪ್ರೇಕ್ಷೆಯಲ್ಲ. ನಮ್ಮ ಹಿರಿಯರು ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತರು. ಕಾರಣ ಕೇಳಿದುದಕ್ಕೆ, “ಮೇಷ್ಟ್ರೇ, ನನಗೆ ಕಿವೀಲಿ ಅರ್ಧ ಕೇಳ್ತದೆ, ಮಿಕ್ಕಿದ್ದು ಕಾಲಲ್ಲಿ ಕೇಳ್ತದೆ. ಗಣೀಲೂ ಹಂಗೇ ಕೇಳ್ತಾ ಇದ್ದಿದ್ದು. ಅಲ್ಲಿ ನೆಲ ನಡುಗಿದ್ರೆ ಭಯ, ಇಲ್ಲಿ ಭಯ ಇಲ್ಲ, ಅಷ್ಟೇ ವ್ಯತ್ಯಾಸ” ಎಂದರು. ಸಂಗೀತವಿಮರ್ಶೆಯ ಎಷ್ಟೋ ಪುಟಗಳಲ್ಲಿ ಕಾಣದ ಮಾತು ಅದು.

ಕಂಠ ಇಳಿದಾಗ

ಹಾಗಾದರೆ ಅಂದು ಹಾಡಿದವರು ತಮ್ಮ ಹರೆಯದಂತೆಯೇ ಹಾಡಿದರೆ? ಇಲ್ಲ, ಹಾಡುವುದು ಸಾಧ್ಯವೂ ಅಲ್ಲ. ಗಿಲನ್‌ನ ತಾರಸ್ಥಾಯಿಯ ಕೂಗು ಒಂದು ಕಾಲಕ್ಕೆ ದಂತಕಥೆಯಾಗಿದ್ದಿತು. ಅದಕ್ಕೆ ಒರೆಗಲ್ಲಾಗಿದ್ದ 1970ರ ‘ಚೈಲ್ಡ್ ಇನ್ ಟೈಮ್’ ಎಂಬ ಹಾಡನ್ನು ಈ ಮೇಳ 2002ರ ಬಳಿಕ ವೇದಿಕೆಯ ಮೇಲೆ ಹಾಡಿಲ್ಲ. ಮಾಡಲಾಗದುದನ್ನು ಮಾಡಲು ಹೋಗಿ ನಗೆಗೀಡಾಗುವುದಕ್ಕಿಂತ, ಅದನ್ನು ಅದರ ಕಾಲಕ್ಕೇ ಬಿಟ್ಟುಬರುವ ವಿವೇಕ ದೊಡ್ಡದು. ಉಳಿದ ಹಾಡುಗಳಲ್ಲಿಯೂ ಮುದಿಗಾಯಕರು ಉಪಾಯಗಳನ್ನು ಕಂಡುಕೊಂಡಿರುತ್ತಾರೆ. ಶ್ರುತಿಯನ್ನು ಒಂದು ಮನೆ ಇಳಿಸುವರು. ಎತ್ತರದ ಸ್ವರ ಬರುವಲ್ಲಿ ಗಿಟಾರನ್ನು ಮುಂದೆ ಬಿಡುವರು. ಎಲ್ಲರಿಗೂ ಬಾಯಿಪಾಠವಾದ ಪಲ್ಲವಿಯ ಹೊತ್ತಿಗೆ ಧ್ವನಿವರ್ಧಕವನ್ನು ಜನರತ್ತ ತಿರುಗಿಸುವರು. ಇದನ್ನು ಮೋಸವೆನ್ನುವವರುಂಟು. ಆದರೆ ನಮ್ಮ ಸಂಗೀತ ಕಛೇರಿಯಲ್ಲಿ ವಯಸ್ಸಾದ ವಿದ್ವಾಂಸರ ಹಿಂದೆ ಶಿಷ್ಯನೊಬ್ಬ ಕುಳಿತು, ಗುರುವಿನ ಉಸಿರು ಎಲ್ಲಿ ನಿಂತಿತೋ ಅಲ್ಲಿಂದ ಎತ್ತಿಕೊಳ್ಳುವುದನ್ನು ನಾವು ಮೋಸವೆಂದು ಬಗೆದೆವೆ? ಅದನ್ನು ಸಂಪ್ರದಾಯವೆಂದು ಕರೆದೆವು. ಮೆಕ್‌ಬ್ರೈಡ್ ಆ ಮೇಳದಲ್ಲಿ ಮಾಡುತ್ತಿರುವುದು ಇದೇ ಶಿಷ್ಯವೃತ್ತಿಯನ್ನು.

ಕೊರತೆಯೇ ಕಲೆಯ ಗುರುತಾಗುವುದೂ ಉಂಟು. ಗಂಗೂಬಾಯಿ ಹಾನಗಲ್ ಅವರ ಎಳೆಯ ಕಂಠ ಕೋಮಲವಾಗಿದ್ದಿತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಮುಂದೆ ಹಾಡಿದ ಬಾಲಕಿ ಅವರು. ಮುಂದೆ ಗಂಟಲಿನ ವ್ಯಾಧಿಯಿಂದ ದನಿ ಒರಟಾಗಿ, ಗಂಡುದನಿಯಂತೆ ಇಳಿಯಿತು. ಇನ್ನೊಬ್ಬರಾಗಿದ್ದರೆ ತಂಬೂರಿಯನ್ನು ಮೂಲೆಗಿಡುತ್ತಿದ್ದರೇನೋ. ಅವರು ಆ ಇಳಿದ ದನಿಯಲ್ಲಿಯೇ ಕಿರಾನಾ ಘರಾಣೆಯ ಗಾಂಭೀರ್ಯವನ್ನು ಮೆರೆದರು. ತೊಂಬತ್ತು ದಾಟಿದ ಮೇಲೂ, 2006ರಲ್ಲಿ ಸಭೆಯಲ್ಲಿ ಹಾಡಿದರು. ಅಂದು ಕೇಳಲು ಬಂದವರು ಸ್ವರದ ನಿಖರತೆಯನ್ನು ಅಳೆಯಲು ಬಂದವರಲ್ಲ. ಒಂದು ಬಾಳನ್ನು ಕೇಳಲು ಬಂದವರು.

ಕಾರ್ಖಾನೆಯೂರಿನ ಬೀಳ್ಕೊಡುಗೆ

ಇದೇ ಬಗೆಯ ಕಥೆಯೊಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ನಡೆಯಿತು. ಆ ಊರು ಲೋಹದ ಕಾರ್ಖಾನೆಗಳ ಊರು. ಅಲ್ಲಿನ ಆಸ್ಟನ್ ದುಡಿಯುವವರ ಕೇರಿ. ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಅಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡಬೇಕೆಂದಿದ್ದ ಕಡೆಯ ದಿನವೇ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ತುಂಡಾದುವು. ಎಡಚನಾದ ಅವನಿಗೆ ಗಿಟಾರಿನ ತಂತಿ ಒತ್ತಲು ಬೇಕಾದುದು ಆ ಕೈಯೇ. ಬೆಂಕಿಯಲ್ಲಿ ಕೈ ಸುಟ್ಟು ಎರಡು ಬೆರಳುಗಳ ಬಳಕೆ ಕಳೆದುಕೊಂಡೂ ಮಹಾವಾದಕನಾದ ಜ್ಯಾಂಗೋ ರೈನ್‌ಹಾರ್ಟ್‌ನ ಮುದ್ರಿಕೆಯನ್ನು ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಅವನಿಗೆ ಕೇಳಿಸಿದ. ಹುಡುಗ ಎದ್ದು ಕುಳಿತ. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಶೀಸೆಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿ, ತೊಗಲು ಅಂಟಿಸಿಕೊಂಡ. ನೋವು ತಗ್ಗಲೆಂದು ತೆಳು ತಂತಿ ಹೂಡಿದ. ಕಾಲಕ್ರಮದಲ್ಲಿ ಶ್ರುತಿಯನ್ನೂ ಇಳಿಸಿದ. ಆ ಇಳಿದ ಶ್ರುತಿಯ ಭಾರವಾದ ನಾದವೇ 1968ರಲ್ಲಿ ಆಸ್ಟನ್ನಿನ ನಾಲ್ವರು ಕಟ್ಟಿದ ಬ್ಲ್ಯಾಕ್ ಸಬ್ಬತ್ ಮೇಳದ ಮುದ್ರೆಯಾಯಿತು. ‘ಹೆವಿ ಮೆಟಲ್’ ಎಂಬ ಪಂಥಕ್ಕೆ ತಾಯಿಬೇರಾಯಿತು. ಕಾರ್ಖಾನೆ ಕಿತ್ತುಕೊಂಡ ಬೆರಳು, ಕಾರ್ಖಾನೆಯಂತೆಯೇ ಮೊಳಗುವ ಸಂಗೀತವನ್ನು ಕೊಟ್ಟಿತು.

2025ರ ಜುಲೈ 5ರಂದು ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಈ ಮೇಳದ ಕಡೆಯ ಕಛೇರಿ ನಡೆಯಿತು. ಗಾಯಕ ಆಜಿ ಆಸ್‌ಬರ್ನ್‌ಗೆ ಪಾರ್ಕಿನ್‌ಸನ್ ವ್ಯಾಧಿ, ನಿಂತು ಹಾಡುವಂತಿರಲಿಲ್ಲ. ಆದುದರಿಂದ ಅವನೊಬ್ಬನ ಮೇಲೆ ದಿನದ ಭಾರ ಬೀಳದಂತೆ ಇತರರು ಹೆಗಲು ಕೊಟ್ಟರು. ಮೆಟಾಲಿಕಾ, ಗನ್ಸ್ ಎನ್ ರೋಸಸ್, ಸ್ಲೇಯರ್, ಆಂಥ್ರಾಕ್ಸ್, ಪ್ಯಾಂಟೆರಾ ಮುಂತಾದ ಮೇಳಗಳು ಮಧ್ಯಾಹ್ನದಿಂದ ಸರದಿಯಲ್ಲಿ ನುಡಿಸಿ, ಹಿರಿಯನ ಹಾಡುಗಳನ್ನೂ ಹಾಡಿ, ದಾರಿಯನ್ನು ಹಸನುಮಾಡಿಕೊಟ್ಟವು. ತಾವು ಬೇರೆಡೆ ಕೊನೆಯ ಸರದಿಯ ದೊರೆಗಳಾದರೂ ಅಂದು ಮುಂಚಿನ ಸರದಿಗೆ ನಿಂತರು. ಕತ್ತಲಾದ ಮೇಲೆ ಆಜಿ ಕಪ್ಪು ಸಿಂಹಾಸನವೊಂದರಲ್ಲಿ ಕುಳಿತೇ ಹಾಡಿದ. 2005ರ ಬಳಿಕ ಮೊದಲ ಬಾರಿಗೆ ಮೂಲದ ನಾಲ್ವರೂ ಒಟ್ಟಿಗೆ ಕೂಡಿದರು. ಸಂಗ್ರಹವಾದ ಹಣ ಪಾರ್ಕಿನ್‌ಸನ್ ವ್ಯಾಧಿಯ ಸಂಶೋಧನೆಗೂ ಮಕ್ಕಳ ಆಸ್ಪತ್ರೆಗೂ ಮಕ್ಕಳ ಶುಶ್ರೂಷಾಲಯಕ್ಕೂ ಮೀಸಲಾಯಿತು. ಹದಿನೇಳು ದಿನಗಳ ಅನಂತರ, ಜುಲೈ 22ರಂದು, ಆಜಿ ತೀರಿಕೊಂಡ. ಆಗ ಅವನಿಗೆ 76 ವರ್ಷ.

ಹಿರಿಯ ಮೇಳಗಳು ವೇದಿಕೆ ಹಂಚಿಕೊಳ್ಳುವುದರ ಅರ್ಥ ಈ ಒಂದು ದಿನದಲ್ಲಿ ಪೂರ್ಣವಾಗಿ ಕಾಣುವುದು. ಒಬ್ಬನ ಕಂಠ ಸಾಲದ ಕಡೆ ಓರಗೆಯವರ ಕಂಠ ಬಂದು ಸೇರುವುದು. ಅದೂ ಸಾಲದೆ ಬಂದರೆ ಜನಸಮುದಾಯದ ಕಂಠ. ಹರೆಯದಲ್ಲಿ ಕಲೆ ಕಲಾವಿದನೊಬ್ಬನದು. ಮುಪ್ಪಿನಲ್ಲಿ ಅದು ಎಲ್ಲರೂ ಸೇರಿ ಹೊರುವ ಪಲ್ಲಕ್ಕಿ.

ಇದರಲ್ಲಿ ವ್ಯಾಪಾರವಿಲ್ಲವೆಂದು ನಾನು ಹೇಳುತ್ತಿಲ್ಲ. ಧ್ವನಿಮುದ್ರಿಕೆಗಳ ಮಾರಾಟ ಕುಸಿದ ಮೇಲೆ ಮೇಳಗಳಿಗೆ ಪ್ರವಾಸವೇ ಜೀವನೋಪಾಯ. ಎರಡು ಹೆಸರನ್ನು ಒಂದು ಪತ್ರದಲ್ಲಿ ಅಚ್ಚುಹಾಕಿದರೆ ಚೀಟಿ ಬೇಗ ಖರ್ಚಾಗುವುದೆಂಬ ಲೆಕ್ಕಾಚಾರ ವ್ಯವಸ್ಥಾಪಕರಿಗೆ ಚೆನ್ನಾಗಿ ಗೊತ್ತು. ಚೀಟಿಯ ಬೆಲೆಯೂ ಸಾಮಾನ್ಯನ ಕೈಗೆಟಕುವಂತಹುದಲ್ಲ. ಬದುಕಿನುದ್ದಕ್ಕೂ ಹಾಡಿದ್ದೇ ಹಾಡು ಹಾಡಿಸುವ ಹಳೆನೆನಪಿನ ವ್ಯಾಮೋಹ ಕಲಾವಿದನ ಕಾಲಿಗೆ ಸಂಕೋಲೆಯಾಗುವುದೂ ಉಂಟು. ಆದರೆ ನಮ್ಮ ಕಂಪೆನಿ ನಾಟಕಗಳೂ ಚೀಟಿ ಮಾರಿಯೇ ಬಾಳಿದವು. ಅದರಿಂದ ಗುಬ್ಬಿ ವೀರಣ್ಣನವರ ಕಲೆಗೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ.

ನಮ್ಮ ಸೀಮೆಯ ಮಾತು

ಬರ್ಮಿಂಗ್‌ಹ್ಯಾಮ್ ತನ್ನ ಕಾರ್ಖಾನೆಯ ಮಕ್ಕಳಿಗೆ ಕೊಟ್ಟ ಬೀಳ್ಕೊಡುಗೆಯನ್ನು ನೆನೆದಾಗ ನಮ್ಮ ಗಣಿಸೀಮೆಯವರ ಮನಸ್ಸು ತಾನಾಗಿಯೇ ಇತ್ತ ಹೊರಳುವುದು. 1880ರಿಂದ ಮೊದಲಾದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತುಹೋಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ನು ಚಿನ್ನವನ್ನು ಮೇಲೆತ್ತಿದ ಊರು ಅದು. ಡೀಪ್ ಪರ್ಪಲ್ ಮೊದಲು ಬೆಂಗಳೂರಿಗೆ ಬಂದುದೂ ಅದೇ ವರ್ಷವೆಂಬುದು ಕಾಕತಾಳೀಯ. ಅಂದಿನಿಂದ ಮಾರಿಕುಪ್ಪಂ ರೈಲು ನಸುಕಿನಲ್ಲಿ ಸಾವಿರಾರು ಜನರನ್ನು ಬೆಂಗಳೂರಿಗೆ ಕೂಲಿಗಾಗಿ ಹೊತ್ತೊಯ್ದು ರಾತ್ರಿ ಮರಳಿ ತರುತ್ತಿದೆ. ಗಣಿಯೊಡನೆ ಅಲ್ಲಿನ ಕ್ಲಬ್ಬುಗಳ ವಾದ್ಯಮೇಳಗಳೂ ಮೌನವಾದವು. ನುಡಿಸುತ್ತಿದ್ದವರಲ್ಲಿ ಎಷ್ಟೋ ಮಂದಿ ಪರದೇಶಗಳಿಗೆ ತೆರಳಿದರು. ಉಳಿದವರು ಮನೆಯ ಜಗುಲಿಯಲ್ಲಿ ಕುಳಿತರು. ಅವರಿಗಾಗಿ ಕಡೆಯ ಕಛೇರಿಯೊಂದನ್ನು ಯಾರೂ ಏರ್ಪಡಿಸಲಿಲ್ಲ.

ರಾಕ್ ಸಂಗೀತಕ್ಕೆ ಮಾತ್ರ ಈ ಮಾತು ಅನ್ವಯಿಸುವುದಲ್ಲ. ಅವಿಭಕ್ತ ಕೋಲಾರ ಜಿಲ್ಲೆ ತಮಟೆಯ ನಾಡು. ಅಲ್ಲಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ತಮಟೆಯ ದನಿ ದೆಹಲಿಯವರೆಗೆ ಕೇಳಿತು. ಆದರೆ ಊರೂರಿನಲ್ಲಿ, ಹೆಸರಿಲ್ಲದ ಎಷ್ಟು ಮಂದಿ ಹಿರಿಯ ತಮಟೆಯವರು, ಕೋಲಾಟದ ಗುರುಗಳು, ಹರಿಕಥೆಯ ದಾಸರು, ಬಯಲಾಟದ ಭಾಗವತರು ತಮ್ಮ ವಾದ್ಯಗಳನ್ನು ಅಟ್ಟದ ಮೇಲೇರಿಸಿ ಕುಳಿತಿಲ್ಲ! ಸರ್ಕಾರ ವೃದ್ಧ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅದು ಬೇಕಾದುದೇ, ಹೊಟ್ಟೆಗೆ ಹಿಟ್ಟು ಮೊದಲು. ಆದರೆ ಮಾಸಾಶನ ಮನೆಯ ಬಾಗಿಲಿಗೆ ಬರುವಂತಹುದು. ಕಲಾವಿದ ಹೋಗಬೇಕಾದುದು ಜನರ ಮುಂದಕ್ಕೆ. ಮನೆಯಲ್ಲಿ ಕುಳಿತು ಪಡೆದ ಹಣ ಅವನನ್ನು ಬದುಕಿಸಬಲ್ಲುದು; ‘ನೀನು ಇನ್ನೂ ಬೇಕಾದವನು’ ಎಂದು ಹೇಳಬಲ್ಲುದು ವೇದಿಕೆಯೊಂದೇ.

ಒಂಟಿಯಾಗಿ ಒಂದು ಸಂಜೆಯನ್ನು ತುಂಬುವ ಕಸುವು ಎಪ್ಪತ್ತೈದರ ತಮಟೆಯವನಿಗೆ ಇಲ್ಲದಿರಬಹುದು. ನಾಲ್ಕೂರಿನ ನಾಲ್ಕು ಮೇಳಗಳು ಸೇರಿದರೆ ಆ ಸಂಜೆ ತುಂಬುವುದು. ಅರ್ಧ ಗಂಟೆ ಒಬ್ಬರು, ಅರ್ಧ ಗಂಟೆ ಮತ್ತೊಬ್ಬರು. ಕೈ ಸೋತಲ್ಲಿ ಮಗನೋ ಮೊಮ್ಮಗನೋ ಪೆಟ್ಟನ್ನು ಎತ್ತಿಕೊಳ್ಳಲಿ. ಕಡೆಗೆ ಎಲ್ಲರೂ ಕೂಡಿ ಒಂದು ಗತ್ತು ಬಾರಿಸಲಿ. ಇದಕ್ಕೆ ಅರಮನೆಯ ಮೈದಾನ ಬೇಕಾಗಿಲ್ಲ, ಗೋಪುರದಷ್ಟು ದನಿವರ್ಧಕವೂ ಬೇಕಾಗಿಲ್ಲ. ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಅಂಗಳದಲ್ಲಿ ಶ್ರೀರಾಮಸೇವಾ ಮಂಡಲಿ 1939ರಿಂದ ನಡೆಸಿಕೊಂಡುಬಂದ ರಾಮನವಮಿಯ ಸಂಗೀತೋತ್ಸವ ಚಪ್ಪರದಡಿಯಲ್ಲಿಯೇ ಬೆಳೆದುದಲ್ಲವೆ? ಬಂಗಾರು ತಿರುಪತಿಯ ಜಾತ್ರೆಯಲ್ಲಿ, ಕಾಮಸಮುದ್ರದ ಶಾಲೆಯ ಬಯಲಿನಲ್ಲಿ, ವರ್ಷಕ್ಕೊಂದು ರಾತ್ರಿ ಹಿರಿಯರ ಕೂಡಾಟವೊಂದು ನಡೆದರೆ ಸಾಕು. ಮೊದಲ ವರ್ಷ ಹತ್ತು ಮಂದಿ ಬಾರಿಸಿ ನೂರು ಮಂದಿ ಕೇಳಲಿ. ಕೇಳಿದ ನೂರರಲ್ಲಿ ಇಬ್ಬರು ಹುಡುಗರಾದರೂ ಮರುದಿನ ಅಜ್ಜನ ಅಟ್ಟ ಹತ್ತಿ ತಮಟೆ ಇಳಿಸಿಯಾರು. ಸಡಿಲವಾದ ಚರ್ಮ ಬೆಂಕಿಯ ಕಾವಿಗೆ ಹಿಡಿದೊಡನೆ ಮತ್ತೆ ಬಿಗಿಯಾಗಿ ನಾದಕ್ಕೆ ಬರುವುದೆಂಬುದನ್ನು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.